ಗೆರೆಗಳಿಗೆ ಜೀವ ಬಂದಾಗ

ನಂದಗುಡಿಯಂತಹ ಊರುಗಳ ಜನರಿಗೆ ಒಂದು ಕಾಲದಲ್ಲಿ ಚಲನಚಿತ್ರವೆಂದರೆ ಟೆಂಟ್ ಸಿನಿಮಾ. ಮುಖ್ಯ ಚಿತ್ರಕ್ಕೆ ಮುನ್ನ ಸರ್ಕಾರದ ಕಿರುಚಿತ್ರವನ್ನು ತೋರಿಸಬೇಕೆಂಬ ನಿಯಮ ಆಗ ಇತ್ತು. ಅದು ಮುಗಿಯುವವರೆಗೆ ಕೆಲವರು ಹೊರಗೆ ಕಡಲೆಕಾಯಿ ಕೊಳ್ಳುತ್ತಿದ್ದರು. ಒಳಗಿದ್ದವರು ನಾಯಕನ ಬರವಿಗಾಗಿ ಕಾಯುತ್ತಿದ್ದರು. ಹೀಗೆ ಅಲಕ್ಷ್ಯಕ್ಕೆ ಗುರಿಯಾದ ಕಿರುಚಿತ್ರಗಳಲ್ಲಿ ಕೈಯಿಂದ ಬರೆದ ಕಾರ್ಟೂನ್ ಚಿತ್ರಗಳೂ ಸೇರಿವೆ.

ಇಂತಹ ಚಿತ್ರದ ತತ್ತ್ವ ಸರಳ. ಶ್ರಮ ಮಾತ್ರ ಅಪಾರ. ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಸಾಗುತ್ತವೆ. ಒಂದೊಂದು ಚಿತ್ರವನ್ನು ಎರಡು ಚೌಕಟ್ಟುಗಳಿಗೆ ಬಳಸಿದರೂ ಸೆಕೆಂಡಿಗೆ 12 ಚಿತ್ರಗಳು ಬೇಕು. ಏಳು ನಿಮಿಷದ ಕಥೆಗೆ ಐದು ಸಾವಿರಕ್ಕೂ ಹೆಚ್ಚು! ಕಲಾವಿದನು ಜಿಂಕೆಯ ಕಾಲನ್ನು ಪ್ರತಿ ಹಾಳೆಯಲ್ಲೂ ಕೂದಲೆಳೆಯಷ್ಟು ಸರಿಸಿ ಬರೆಯುತ್ತಾನೆ. ಆ ಗೆರೆಗಳನ್ನು ಪಾರದರ್ಶಕ ಹಾಳೆಗಳಿಗೆ ಇಳಿಸಿ, ಬಣ್ಣ ತುಂಬಿ, ಕಾಡಿನ ಹಿನ್ನೆಲೆಯ ಮೇಲಿರಿಸಿ ಒಂದೊಂದಾಗಿ ಕ್ಯಾಮೆರಾದಲ್ಲಿ ಸೆರೆಹಿಡಿಯುತ್ತಾರೆ. ವೇಗವಾಗಿ ಓಡಿಸಿದಾಗ ಜಿಂಕೆ ನೆಗೆಯುತ್ತದೆ.

ಮುಂಬಯಿಯ ಫಿಲ್ಮ್ಸ್ ಡಿವಿಷನ್ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಕಾರ್ಟೂನ್ ವಿಭಾಗವೊಂದು ಆರಂಭವಾಯಿತು. ಡಿಸ್ನಿ ಸ್ಟುಡಿಯೋದಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಅಲ್ಲಿನ ತರುಣ ಕಲಾವಿದರಿಗೆ ತರಬೇತಿ ನೀಡಿದರು. ಜಾತಕ ಕಥೆಯನ್ನು ಆಧರಿಸಿದ ‘ದಿ ಬನಿಯನ್ ಡೀರ್’ (1957) ಆ ತರಬೇತಿಯ ಫಲ. ಅಂದು ಕಲಿತವರಲ್ಲಿ ಒಬ್ಬರಾದ ರಾಮ್ ಮೋಹನ್ ಮುಂದೆ ಈ ಕಲೆಯಲ್ಲಿ ದೇಶದ ಹಿರಿಯರೆನಿಸಿದರು.

1974ರಲ್ಲಿ ವಿಜಯಾ ಮುಳೆ ಮತ್ತು ಭೀಮ್‌ಸೇನ್ ಅವರ ‘ಏಕ್ ಅನೇಕ್ ಔರ್ ಏಕ್ತಾ’ ಮೂಡಿಬಂತು. ಬಲೆಗೆ ಸಿಕ್ಕ ಹಕ್ಕಿಗಳು ಒಗ್ಗಟ್ಟಾಗಿ ಬಲೆಯನ್ನೇ ಹೊತ್ತು ಹಾರುವ, ಇಲಿಗಳು ಅದನ್ನು ಕಡಿದು ಬಿಡಿಸುವ ಕಥೆಯನ್ನು ಅಕ್ಕನು ತಮ್ಮನಿಗೆ ಹೇಳುತ್ತಾಳೆ. ಭಾಷೆ ಹಿಂದಿಯಾದರೂ ಪಂಚತಂತ್ರವನ್ನು ಕೇಳಿ ಬೆಳೆದ ಕನ್ನಡದ ಮಕ್ಕಳಿಗೆ ಈ ಕಥೆ ಪರಕೀಯವಲ್ಲ. ದೂರದರ್ಶನದ ಮೂಲಕ ಅದು ಮನೆಮನೆಯನ್ನು ತಲುಪಿತು.

ಇಂದು ಗಣಕಯಂತ್ರದ ನೆರವಿನಿಂದ ಹೆಚ್ಚು ನುಣುಪಾದ ಚಿತ್ರಗಳನ್ನು ತಯಾರಿಸಬಹುದು. ಹಳೆಯ ಚಿತ್ರಗಳಲ್ಲಿ ಗೆರೆ ಅಲ್ಲಲ್ಲಿ ನಡುಗುತ್ತದೆ. ಬಣ್ಣ ತುಸು ಏರುಪೇರಾಗುತ್ತದೆ. ಆದರೆ ತೊಗಲುಗೊಂಬೆಯ ನೆರಳಿನ ಹಿಂದೆ ಆಡಿಸುವವನ ಕೈ ಇರುವಂತೆ, ಆ ನಡುಕದ ಹಿಂದೆ ಮನುಷ್ಯನ ಕೈಯಿದೆ, ತಾಳ್ಮೆಯಿದೆ. ಅವುಗಳ ಸೊಗಸು ಅಲ್ಲಿಯೇ ಅಡಗಿದೆ.

ಫಿಲ್ಮ್ ಸುರುಳಿಯ ಆಯುಸ್ಸು ಅಲ್ಪ. ಸೆಕೆ, ತೇವಗಳಿಗೆ ಸಿಕ್ಕರೆ ಬಣ್ಣ ಮಾಸಿ, ಸುರುಳಿ ಹುಳಿವಾಸನೆ ಬೀರುತ್ತ ಸುಕ್ಕುಗಟ್ಟುತ್ತದೆ. ಸಕಾಲದಲ್ಲಿ ಹೊಸ ಪ್ರತಿ ತೆಗೆದರೆ ಮಾತ್ರ ಆ ಚಿತ್ರ ಉಳಿದೀತು. ನೋಡುವವರೇ ಇಲ್ಲದ ಚಿತ್ರವನ್ನು ಉಳಿಸಲು ಯಾರು ಮುಂದಾದಾರು? ಆದುದರಿಂದ ಇಂತಹ ಕಿರುಚಿತ್ರ ಕಣ್ಣಿಗೆ ಬಿದ್ದಾಗ ಅದನ್ನು ಆದರದಿಂದ ನೋಡಬೇಕು. ಬರೆದವರ ಹೆಸರುಗಳನ್ನೂ ಓದಬೇಕು.