ಕಾಗದ, ಕತ್ತರಿ ಮತ್ತು ಒಂದು ಖಾಲಿ ರೀಫಿಲ್



ಒಂದು ಸಣ್ಣ ಆಟ ಆಡೋಣವೇ? ಕಾಗದದಲ್ಲಿ ಏನಾದರೊಂದು ಮಾಡುವ ಹವ್ಯಾಸ ನಿಮಗಿದೆ ಎಂದು ಇಟ್ಟುಕೊಳ್ಳಿ. ಶುಭಾಶಯ ಪತ್ರವೋ, ಗಣಪತಿಯ ಮಂಟಪವೋ, ದೀಪಾವಳಿಯ ಗೂಡುದೀಪವೋ, ಏನಾದರೂ ಆಗಲಿ. ಕತ್ತರಿ, ಕಟ್ಟರ್, ಸ್ಕೇಲು, ಅಂಟು, ದಬ್ಬಳ ಎಲ್ಲವೂ ಮೇಜಿನ ಮೇಲೆ ಸಾಲಾಗಿ ಇವೆ. ಈಗ ಒಂದೊಂದನ್ನೇ ತೆಗೆದಿಡುತ್ತಾ ಬನ್ನಿ. ಯಾವುದು ಹೋದಾಗ ನಿಮ್ಮ ಕೈ ಕಟ್ಟಿಹಾಕಿದಂತಾಗುತ್ತದೆ?

ಇದು ಬರಿಯ ಆಟವೂ ಅಲ್ಲ. ಓದು, ನೌಕರಿ ಎಂದು ನಿಮ್ಮಲ್ಲಿ ಹಲವರು ಮನೆ ಬಿಟ್ಟು ಹಾಸ್ಟೆಲ್ಲಿಗೋ ಪೇಯಿಂಗ್ ಗೆಸ್ಟ್ ಕೋಣೆಗೋ ಹೊರಡುವವರು. ಅಲ್ಲಿ ಸಿಗುವುದು ಒಂದು ಮಂಚ, ಅರ್ಧ ಕಪಾಟು. ಹವ್ಯಾಸದ ಸಾಮಾನಿಗೆ ಒಂದು ಹಳೆಯ ಬಿಸ್ಕತ್ತಿನ ಡಬ್ಬಿಯಷ್ಟು ಜಾಗ ಉಳಿದರೆ ಪುಣ್ಯ. ವಿಮಾನದಲ್ಲಿ ಹೋಗುವವರಾದರೆ ಹರಿತವಾದ ಅಲಗನ್ನು ಕೈಚೀಲದಲ್ಲಿ ಒಯ್ಯುವ ಹಾಗೂ ಇಲ್ಲ. ಹಾಗಾದರೆ ಆ ಡಬ್ಬಿಯೊಳಗೆ ಏನಿರಬೇಕು?

ಸಂಘದ ಕೆಲಸಕ್ಕೂ ಈ ಲೆಕ್ಕ ಬೇಕಾಗಿದೆ. ಹಿಂದೆಲ್ಲ ಗಣೇಶೋತ್ಸವದ ಮಂಟಪ, ರಾಜ್ಯೋತ್ಸವದ ವೇದಿಕೆ ಎಂದರೆ ಥರ್ಮೊಕೋಲ್ ತಂದು ಕೊರೆದುಬಿಟ್ಟರೆ ಮುಗಿಯುತ್ತಿತ್ತು. ಮಹಾರಾಷ್ಟ್ರದಲ್ಲಿ 2018ರಲ್ಲಿ, ದೇಶಕ್ಕೆಲ್ಲ ಅನ್ವಯಿಸುವಂತೆ 2022ರ ಜುಲೈ 1ರಿಂದ, ಅಲಂಕಾರಕ್ಕೆ ಥರ್ಮೊಕೋಲ್ ಬಳಸುವುದು ನಿಷಿದ್ಧವಾಯಿತು. ಹೀಗಾಗಿ ಮುಂಬಯಿಯಾಗಲಿ, ಪುಣೆಯಾಗಲಿ, ಚೆನ್ನೈಯಾಗಲಿ, ಅಲಂಕಾರದ ಕೆಲಸ ಮತ್ತೆ ಕಾಗದ ಮತ್ತು ರಟ್ಟಿನ ಕಡೆಗೆ ತಿರುಗಿದೆ. ಕಾಗದದ ಕೆಲಸ ಬಲ್ಲ ನಾಲ್ಕು ಜನ ಹುಡುಗ ಹುಡುಗಿಯರಿಗೆ ಸಂಘದಲ್ಲಿ ಈಗ ಭಾರಿ ಬೇಡಿಕೆ!

ಸರಿ, ಮೇಜಿನ ಬಳಿಗೆ ಬರೋಣ.

ಮೊದಲು ಕತ್ತರಿಯನ್ನು ತೆಗೆದಿಡಿ. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ಅಮ್ಮ ಯಾಕೆ ರೇಗುತ್ತಾರೆ ಗೊತ್ತೇ? ಕಾಗದ ಬಿಳುಪಾಗಿ, ನುಣುಪಾಗಿ ಇರಲೆಂದು ಕಾರ್ಖಾನೆಯಲ್ಲಿ ಅದರೊಳಗೆ ನುಣ್ಣನೆಯ ಜೇಡಿ, ಸುಣ್ಣದ ಕಲ್ಲಿನ ಪುಡಿ ಬೆರೆಸಿರುತ್ತಾರೆ. ಆ ಪುಡಿ ಅಲಗನ್ನು ತೇಯುತ್ತದೆ. ಆದ್ದರಿಂದ ಕಾಗದಕ್ಕೆ ಬೇರೆಯೇ ಕತ್ತರಿ ಇರಲಿ. ದುಂಡಗೆ ಕತ್ತರಿಸುವಾಗ ಕತ್ತರಿಯನ್ನು ತಿರುಗಿಸಬೇಡಿ, ಕಾಗದವನ್ನು ತಿರುಗಿಸಿ. ಇಷ್ಟೆಲ್ಲ ಇದ್ದರೂ, ಕತ್ತರಿ ಇಲ್ಲದೆ ಕೆಲಸ ನಿಲ್ಲುವುದಿಲ್ಲ. ತೆಳು ಕಾಗದವನ್ನು ಗಟ್ಟಿಯಾಗಿ ಮಡಿಸಿ, ಮಡಿಕೆಯ ಮೇಲೆ ಒದ್ದೆ ಬೆರಳು ಸವರಿ ಎಳೆದರೆ ನೇರವಾಗಿಯೇ ಹರಿಯುತ್ತದೆ. ಕತ್ತರಿ ಮೂಲೆಯಂಗಡಿಯಲ್ಲೂ ಸಿಗುತ್ತದೆ.

ಇನ್ನು ಕಟ್ಟರ್. ಅಲಗಿನ ತುದಿಯನ್ನು ಚೂರುಚೂರಾಗಿ ಮುರಿದು ಹೊಸ ಮೊನೆ ಪಡೆಯುವ ಈ ಚಾಕು ಹುಟ್ಟಿದ್ದು 1956ರಲ್ಲಿ, ಜಪಾನಿನ ಒಸಾಕಾ ನಗರದಲ್ಲಿ. ಮುದ್ರಣದ ಕೆಲಸದಲ್ಲಿದ್ದ ಯೋಶಿಯೋ ಒಕಾಡ ಎಂಬಾತನಿಗೆ ಕಾಗದ ಕೊಯ್ಯುವ ಬ್ಲೇಡುಗಳು ಬೇಗ ಮೊಂಡಾಗಿ ವ್ಯರ್ಥವಾಗುವುದು ಕಾಣುತ್ತಿತ್ತು. ಒಡೆದ ಗಾಜಿನ ಹರಿತ, ಗೆರೆಗಳ ಗುಂಟ ಮುರಿಯುವ ಚಾಕೊಲೇಟಿನ ಹಲಗೆ, ಈ ಎರಡೂ ಸೇರಿ ಅವನ ತಲೆಯಲ್ಲಿ ಹೊಸ ಚಾಕುವಾಯಿತು. ಅದರ ಹೆಸರೇ ಓಲ್ಫಾ. ಜಪಾನೀ ಭಾಷೆಯಲ್ಲಿ 'ಮುರಿಯುವ ಅಲಗು' ಎಂಬ ಮಾತಿನಿಂದ ಬಂದ ಹೆಸರದು.

ನಮ್ಮಲ್ಲಿ ಹಲವರು ಆ ಅಲಗನ್ನು ಮುರಿಯುವುದೇ ಇಲ್ಲ! ಒಂದೇ ಮೊನೆಯನ್ನು ವರ್ಷಗಟ್ಟಲೆ ಉಜ್ಜುತ್ತಾರೆ. ಮೊಂಡು ಅಲಗು ಕಾಗದವನ್ನು ಕೊಯ್ಯದೆ ನಾರನ್ನು ಕಿತ್ತು ಎಳೆಯುತ್ತದೆ. ಆಗ ನಾವು ಜೋರಾಗಿ ಒತ್ತುತ್ತೇವೆ, ಅಲಗು ಜಾರುತ್ತದೆ, ಬೆರಳು ಕೊಯ್ಯುತ್ತದೆ. ಇಕ್ಕಳದಲ್ಲಿ ಹಿಡಿದು ತುದಿ ಮುರಿಯಿರಿ. ದಪ್ಪ ಕಾಗದವಾದರೆ ಹಗುರವಾಗಿ ಎರಡು ಮೂರು ಸಲ ಎಳೆಯಿರಿ. ಮುರಿದ ಚೂರುಗಳನ್ನು ಹಾಗೇ ಕಸಕ್ಕೆ ಎಸೆಯದೆ ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ, ತುಂಬಿದಾಗ ಬಾಯಿ ಬಿಗಿದು ಬಿಸಾಡಿ. ಕಸ ಆಯುವವರ ಕೈಯೂ ಕೈಯೇ ತಾನೆ.

ಸ್ಕೇಲು ಹೋದರೆ? ಪ್ಲಾಸ್ಟಿಕ್ ಸ್ಕೇಲಿನ ಅಂಚನ್ನು ಕಟ್ಟರ್ ಕೆತ್ತಿಹಾಕುತ್ತದೆ, ಆಮೇಲೆ ಅದು ಎಳೆದ ಯಾವ ಗೆರೆಯೂ ನೆಟ್ಟಗಿರದು. ಹಾರ್ಡ್‌ವೇರ್ ಅಂಗಡಿಯ ಒಂದಡಿ ಸ್ಟೀಲ್ ಸ್ಕೇಲು ತಂದುಕೊಳ್ಳಿ. ಜಾರದಂತೆ ಅದರ ಬೆನ್ನಿಗೆ ಗಾಯಕ್ಕೆ ಹಚ್ಚುವ ಬಟ್ಟೆಯ ಪಟ್ಟಿಯನ್ನು ಅಂಟಿಸಿಬಿಟ್ಟರೆ ಹತ್ತು ವರ್ಷ ಯೋಚನೆಯಿಲ್ಲ. ಕೊಯ್ಯುವಾಗ ಅಡಿಗೆ ಹಾಸುವ ಹಸಿರು ಮ್ಯಾಟ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಹಳೆಯ ಕ್ಯಾಲೆಂಡರಿನ ರಟ್ಟು ಸಾಕು, ಆದರೆ ಹಳೆಯ ಗೀರುಗಳೊಳಗೆ ಅಲಗು ಹೊರಳದಂತೆ ರಟ್ಟನ್ನು ಆಗಾಗ ಬದಲಿಸಿ.

ಅಂಟಿನ ವಿಷಯಕ್ಕೆ ಬಂದರೆ, 1959ರಿಂದ ನಮ್ಮ ದೇಶದಲ್ಲಿ ಫೆವಿಕಾಲ್ ಇದೆ. ಅದಕ್ಕೂ ಹಿಂದಿನದು ಅಜ್ಜಿಯಂದಿರು ಬಲ್ಲ ಮೈದಾ ಅಂಟು. ಒಂದು ಚಮಚ ಮೈದಾಕ್ಕೆ ಐದಾರು ಚಮಚ ನೀರು ಹಾಕಿ, ಗಂಟಾಗದಂತೆ ಕದಡಿ, ಸಣ್ಣ ಉರಿಯಲ್ಲಿ ಮಿರುಗುವವರೆಗೆ ಕೈಯಾಡಿಸಿದರೆ ಆಯಿತು. ಹುಳು ಹಿಡಿಯದಿರಲೆಂದು ಬುಕ್ ಬೈಂಡರುಗಳು ಇದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಊರಿನಲ್ಲಿ ಅಡಿಕೆ ಮರಕ್ಕೆ ಸುಣ್ಣದ ಜೊತೆ ಬೆರೆಸಿ ಸಿಂಪಡಿಸುತ್ತಾರಲ್ಲ, ಅದೇ ಮೈಲುತುತ್ತ. ಅದು ವಿಷ, ಆದ್ದರಿಂದ ಮಕ್ಕಳಿರುವ ಮನೆಯಲ್ಲಿ ಬೇಡ. ಅಂಟು ಯಾವುದೇ ಇರಲಿ, ತೆಳ್ಳಗೆ ಸವರಿ, ಒಣಗುವ ತನಕ ಮೇಲೆ ನಾಲ್ಕು ದಪ್ಪ ಪುಸ್ತಕ ಹೇರಿ. ನೀರು ಕುಡಿದ ನಾರು ಹಿಗ್ಗುವುದರಿಂದಲೇ ಕಾಗದ ಸುರುಟುವುದು.

ಇಷ್ಟೆಲ್ಲ ತೆಗೆದಿಟ್ಟ ಮೇಲೂ ಕೆಲಸ ಹೇಗೋ ನಡೆಯಿತು. ಹಾಗಾದರೆ ಯಾವುದು ಹೋದರೆ ನಿಲ್ಲುತ್ತದೆ?

ನನ್ನ ಉತ್ತರ ಕೇಳಿ ನಗಬೇಡಿ. ಅದು ಒಂದು ಖಾಲಿ ರೀಫಿಲ್! ಶಾಯಿ ಮುಗಿದ ಬಾಲ್‌ಪೆನ್ನು.

ದಪ್ಪ ಕಾಗದವನ್ನು ಸುಮ್ಮನೆ ಕೈಯಲ್ಲಿ ಮಡಿಸಿ ನೋಡಿ. ಮಡಿಕೆ ಅಂಕುಡೊಂಕಾಗುತ್ತದೆ, ಮೇಲ್ಪದರ ಬಿರಿದು ಬಿಳಿಯ ನಾರು ಹೊರಗೆ ಬರುತ್ತದೆ. ಮಡಿಕೆಯ ಹೊರಮೈ ಹಿಗ್ಗಬೇಕು, ಒಳಮೈ ಕುಗ್ಗಬೇಕು. ದಪ್ಪ ಕಾಗದಕ್ಕೆ ಅದು ಒಮ್ಮೆಗೇ ಸಾಧ್ಯವಾಗದು. ಸ್ಕೇಲು ಇಟ್ಟು ಖಾಲಿ ರೀಫಿಲ್‌ನಿಂದ ಒತ್ತಿ ಒಂದು ಗೆರೆ ಎಳೆದರೆ ಆ ಜಾಗದ ನಾರೆಲ್ಲ ಅದುಮಿ, ಬಾಗಿಲಿಗೆ ತಿರುಗಣಿ ಇದ್ದಂತೆ ಮಡಿಯಲು ದಾರಿಯಾಗುತ್ತದೆ. ಹಿಂಬದಿಯಲ್ಲಿ ಒಂದು ಸಣ್ಣ ಉಬ್ಬು ಎದ್ದಿರುತ್ತದೆ ನೋಡಿ, ಆ ಉಬ್ಬು ಒಳಗೆ ಬರುವಂತೆ ಮಡಿಸಬೇಕು. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಮಡಿಸಿದ ಮೇಲೆ ಸ್ಟೀಲ್ ಚಮಚದ ಬೆನ್ನಿನಿಂದ ಒಮ್ಮೆ ಉಜ್ಜಿದರೆ ಮಡಿಕೆ ಇಸ್ತ್ರಿ ಹಾಕಿದಂತೆ ಕೂಡುತ್ತದೆ. ಪುಸ್ತಕ ಕಟ್ಟುವವರು ಇದಕ್ಕಾಗಿಯೇ ಮೂಳೆಯಲ್ಲಿ ಮಾಡಿದ ಚಪ್ಪಟೆ ಕಡ್ಡಿಯನ್ನು ಬಳಸುತ್ತಾ ಬಂದಿದ್ದಾರೆ. ಸಿಕ್ಕರೆ ಕೊಳ್ಳಿ, ಸಿಗದಿದ್ದರೆ ರೀಫಿಲ್ಲೂ ಚಮಚವೂ ಸಾಕು.

ರೀಫಿಲ್ಲಿನ ಜೊತೆಗೆ ತಿಳಿದಿರಬೇಕಾದ ಒಂದು ಗುಟ್ಟಿದೆ, ಅದು ನಾರಿನ ದಿಕ್ಕು. ಕಾರ್ಖಾನೆಯಲ್ಲಿ ಕಾಗದದ ತಿಳಿ ಓಡುವ ಜಾಲರಿಯ ಮೇಲೆ ಹರಿಯುವಾಗ ಅದರ ನಾರುಗಳು ಹೆಚ್ಚಾಗಿ ಓಟದ ದಿಕ್ಕಿಗೇ ಮಲಗುತ್ತವೆ. ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲನೆ ಬಗ್ಗಿಸಿ ನೋಡಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ, ಆ ಮಡಿಕೆಯ ಗುಂಟ ನಾರು ಮಲಗಿದೆ ಎಂದರ್ಥ. ಅದೇ ದಿಕ್ಕಿಗೆ ಮಡಿಸಿದರೆ ಕಾಗದ ಮಾತು ಕೇಳುತ್ತದೆ. ಅಡ್ಡ ಮಡಿಸಿದರೆ ಹಟ ಮಾಡುತ್ತದೆ.

ಅಂಗಡಿಯಲ್ಲಿ ಕೇಳಿ ಕೊಳ್ಳದ ಈ ರೀಫಿಲ್ಲನ್ನು ನಾನು ಎಲ್ಲಕ್ಕಿಂತ ಮುಂದೆ ಇಡಲು ಕಾರಣವಿದೆ. ಕತ್ತರಿ ಇಲ್ಲದಿದ್ದರೆ 'ಕತ್ತರಿ ಇಲ್ಲ' ಎಂದು ತಕ್ಷಣ ಗೊತ್ತಾಗುತ್ತದೆ, ಹೋಗಿ ತರುತ್ತೀರಿ. ಮಡಿಕೆಗೆ ಗೆರೆ ಒತ್ತುವ ಸಲಕರಣೆ ಇಲ್ಲದಿದ್ದರೆ ಅದು ಇಲ್ಲವೆಂಬುದೇ ಗೊತ್ತಾಗುವುದಿಲ್ಲ. ಕೆಲಸ ಕೆಟ್ಟಿತು ಎಂದಷ್ಟೇ ಕಾಣುತ್ತದೆ. ಆಗ ನಾವು ದೂರುವುದು ಯಾರನ್ನು? ನಮ್ಮ ಕೈಯನ್ನೇ. 'ನನ್ನ ಕೈಯಲ್ಲಿ ಕಲೆ ಇಲ್ಲ, ಇದೆಲ್ಲ ನನ್ನಿಂದಾಗದು' ಎಂದು ಎಷ್ಟು ಮಂದಿ ಹವ್ಯಾಸವನ್ನೇ ಕೈಬಿಡುತ್ತಾರೆ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆಯನ್ನು ನೀವು ಮನೆಯಲ್ಲಿ ಕೇಳಿಯೇ ಇರುತ್ತೀರಿ. ಗಾದೆ ನಿಜವೇ. ಆದರೆ ಕೆಲವು ಸಲ ನೆಲವೂ ಡೊಂಕಾಗಿರುತ್ತದೆ, ಸ್ವಾಮಿ! ಮೊಂಡು ಅಲಗು, ಗೆರೆ ಒತ್ತದ ಮಡಿಕೆ, ಅಡ್ಡ ನಾರು, ಇವು ಡೊಂಕು ನೆಲ. ಅದನ್ನು ಸರಿಪಡಿಸಿ ನೋಡಿದ ಮೇಲೆ ಕೈಯನ್ನು ದೂರಿದರಾಯಿತು.

ಬರಿ ಕೈಯಿಂದಲೇ ಏನೆಲ್ಲ ಸಾಧ್ಯ ಎಂಬುದಕ್ಕೆ ಜಪಾನಿನ ಅಕಿರಾ ಯೋಶಿಜಾವಾ ಅವರಿಗಿಂತ ಸಾಕ್ಷಿ ಬೇಡ. 1911ರಲ್ಲಿ ಹುಟ್ಟಿ 2005ರವರೆಗೆ ಬಾಳಿದ ಅವರು ಎಳೆವಯಸ್ಸಿನಲ್ಲಿ ಕಾರ್ಖಾನೆಯಲ್ಲಿ ದುಡಿದವರು. ಕಾಗದ ಮಡಿಸುವ ಒರಿಗಾಮಿಯನ್ನು ದೊಡ್ಡವರ ಕಲೆಯ ಮಟ್ಟಕ್ಕೆ ಏರಿಸಿದರು. ದಪ್ಪ ಕಾಗದವನ್ನು ತುಸು ತೇವ ಮಾಡಿ ಮಡಿಸುವ ಕ್ರಮವನ್ನು ರೂಢಿಗೆ ತಂದವರೂ ಅವರೇ. ಕಾಗದದ ಸ್ವಭಾವ ತಿಳಿದವನಿಗೆ ನೀರೂ ಒಂದು ಸಲಕರಣೆ! ನಮ್ಮಲ್ಲೇ ನೋಡಿದರೆ, ಪುಣೆಯಲ್ಲಿ ಬಹುಕಾಲ ಮಕ್ಕಳಿಗೆ ವಿಜ್ಞಾನ ಕಲಿಸಿದ, 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತಾ ಅವರು ರದ್ದಿ ಕಾಗದ, ಬೆಂಕಿಕಡ್ಡಿಗಳಿಂದಲೇ ಆಟಿಕೆಗಳ ಲೋಕವನ್ನು ಕಟ್ಟಿದರು.

ಓದಿದ್ದು ಸಾಕು, ಮಾಡಿ ನೋಡೋಣ. ಈ ದೀಪಾವಳಿಗೆ ಒಂದು ಗೂಡುದೀಪ. ನಿಮ್ಮ ತಂದೆತಾಯಿ ಮಂಗಳೂರು, ಉಡುಪಿ ಕಡೆಯವರಾದರೆ ಈ ಹೆಸರು ಗೊತ್ತಿರುತ್ತದೆ. ಬೇರೆ ಕಡೆಯವರು ಆಕಾಶಬುಟ್ಟಿ ಎಂದಾರು. ಮುಂಬಯಿಯ ನಿಮ್ಮ ನೆರೆಮನೆಯವರಿಗೆ ಅದು ಆಕಾಶ ಕಂದೀಲು. ಊರಿನಲ್ಲಿ ಬಿದಿರಿನ ಕಡ್ಡಿಗಳ ಹಂದರ ಕಟ್ಟಿ ಮೇಲೆ ಬಣ್ಣದ ಕಾಗದ ಹಚ್ಚುತ್ತಾರೆ. ಅಲ್ಲಿ ಭಾರ ಹೊರುವುದು ಬಿದಿರು. ಫ್ಲ್ಯಾಟಿನಲ್ಲಿ ಬಿದಿರು ಸೀಳುವುದೆಲ್ಲಿ? ದಪ್ಪ ಕಾಗದದಲ್ಲೇ ಮಾಡಬೇಕು, ಆಗ ಭಾರ ಹೊರುವುದು ಮಡಿಕೆ.

22×28 ಇಂಚಿನ ಒಂದು ಕಾರ್ಡ್ ಶೀಟ್ ತನ್ನಿ. ಮೊದಲು ಬಗ್ಗಿಸಿ ನಾರಿನ ದಿಕ್ಕು ನೋಡಿ. ನಾರು 22 ಇಂಚಿನ ಬದಿಯ ಗುಂಟ ಇದ್ದರೆ, 28 ಇಂಚಿನ ಬದಿಯನ್ನು ಆರೂವರೆ ಇಂಚಿನ ನಾಲ್ಕು ಭಾಗ ಮಾಡಿ, ಅಂಟಿಸಲು ಒಂದು ಇಂಚು ಬಿಡಿ. ನಾರು 28ರ ಗುಂಟ ಇದ್ದರೆ, 22 ಇಂಚಿನ ಬದಿಯನ್ನು ಐದೈದು ಇಂಚಿನ ನಾಲ್ಕು ಭಾಗ ಮಾಡಿ, ಒಂದು ಇಂಚು ಬಿಡಿ. ಎರಡರಲ್ಲೂ ಕೊನೆಗೆ ಉಳಿಯುವ ಒಂದಿಂಚನ್ನು ಕತ್ತರಿಸಿಬಿಡಿ. ಎತ್ತರ ಹತ್ತು ಇಂಚು ಇರಲಿ. ನಾಲ್ಕು ಮಡಿಕೆಗಳಿಗೂ ರೀಫಿಲ್‌ನಿಂದ ಗೆರೆ ಒತ್ತಿ. ಪ್ರತಿ ಭಾಗದಲ್ಲಿ ಸುತ್ತ ಒಂದು ಇಂಚು ಬಿಟ್ಟು ಕಿಟಕಿ ಕೊಯ್ದು, ಒಳಗಿನಿಂದ ಗಾಳಿಪಟದ ಬಣ್ಣದ ಕಾಗದ ಅಂಟಿಸಿ. ಎಲ್ಲ ಒಣಗಿದ ಮೇಲೆ ಮಡಿಸಿ, ಬಿಟ್ಟ ಇಂಚಿಗೆ ಅಂಟು ಸವರಿ ಕೂಡಿಸಿ. ಮೇಲಂಚಿನ ನಾಲ್ಕು ಮೂಲೆಗಳಲ್ಲಿ ದಬ್ಬಳದಿಂದ ತೂತು ಮಾಡಿ ದಾರ ಪೋಣಿಸಿ. ಒಳಗೆ ಬಿಸಿಯಾಗದ ಸಣ್ಣ ಎಲ್‌ಇಡಿ ದೀಪವನ್ನೇ ಇಡಿ, ಹಣತೆ ಖಂಡಿತ ಬೇಡ.

ಮೊದಲನೆಯದು ತುಸು ವಾರೆಯಾದೀತು. ಅದನ್ನು ಬಾಲ್ಕನಿಯಲ್ಲೇ ತೂಗುಹಾಕಿ, ಎರಡನೆಯದನ್ನು ಸಂಘಕ್ಕೆ ತನ್ನಿ. ಬರುವಾಗ ಜೇಬಿನಲ್ಲಿ ಒಂದು ಖಾಲಿ ರೀಫಿಲ್ ಇರಲಿ. ಪಕ್ಕದಲ್ಲಿ ಕುಳಿತ ಯಾವನೋ ತಮ್ಮನೋ ತಂಗಿಯೋ ತನ್ನ ಕೈ ಸರಿಯಿಲ್ಲ ಎಂದು ಕಾಗದವನ್ನು ಮುದ್ದೆ ಮಾಡುವ ಮೊದಲು, ಅದನ್ನು ಅವರ ಕೈಗೆ ಕೊಡಿ.