ಶಿಶುಶಿಕ್ಷಕಿಯೂ ವಿಜ್ಞಾನದ ಸ್ವರೂಪವೂ

ನಮ್ಮ ಕುಶಾಲನಗರದಲ್ಲಿ ಶಿಶುವಿಹಾರದ ಕೆಲಸಕ್ಕೆ ಸಿದ್ಧರಾಗುತ್ತಿರುವ ತರುಣಿಯರನ್ನು “ವಿಜ್ಞಾನವೆಂದರೇನು?” ಎಂದು ಕೇಳಿದರೆ, “ಪ್ರಯೋಗದಿಂದ ಸಿದ್ಧವಾದ, ಎಂದಿಗೂ ಬದಲಾಗದ ಸತ್ಯ” ಎಂಬ ಉತ್ತರವು ಬರುವುದುಂಟು. ಇದು ಅರ್ಧ ಮಾತ್ರವೇ ಸರಿ. 1930ರಲ್ಲಿ ಕಂಡುಹಿಡಿದ ಪ್ಲೂಟೋವನ್ನು ಶಾಲೆಗಳಲ್ಲಿ ಒಂಬತ್ತನೆಯ ಗ್ರಹವೆಂದು ಬಾಯಿಪಾಠ ಮಾಡಿಸುತ್ತಿದ್ದರಷ್ಟೆ; 2006ರಲ್ಲಿ ಖಗೋಳಜ್ಞರು ಅದನ್ನು ಕುಬ್ಜಗ್ರಹವೆಂದು ಎಣಿಸಿದರು. ಹೊಸ ಪ್ರಮಾಣ ದೊರೆತಾಗ ಹಳೆಯ ನಿರ್ಣಯವನ್ನು ತಿದ್ದಿಕೊಳ್ಳುವುದೇ ವಿಜ್ಞಾನದ ಸ್ವಭಾವ.

ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನ್ಯಾಯಶಾಸ್ತ್ರವು ನಾಲ್ಕು ಪ್ರಮಾಣಗಳನ್ನು ಹೇಳುತ್ತದೆ. ಶಿಶುವಿಗೆ ಮೊದಲು ಒದಗುವುದು ಪ್ರತ್ಯಕ್ಷ. ನಾವು ಕೊಡುವುದಾದರೋ ಬರಿಯ ಶಬ್ದ! ಒಂದು ಬೋಗುಣಿಯಲ್ಲಿ ಕಾವೇರಿಯ ನೀರು, ಹೊಳೆಯ ದಂಡೆಯ ಒಂದು ಹರಳುಕಲ್ಲು, ಒಂದು ಮರದ ತುಂಡು, ಇಷ್ಟೇ ಸಾಕು. ಸಣ್ಣ ಕಲ್ಲು ಮುಳುಗುವುದು, ದಪ್ಪನೆಯ ಮರ ತೇಲುವುದು. “ಭಾರವಾದುದೇ ಮುಳುಗುವುದು” ಎಂದಿದ್ದ ಮಗು ಬೆರಗಾಗಿ “ಏಕೆ?” ಎನ್ನುವುದು. ಆಗ ಸೂತ್ರವನ್ನು ಒಪ್ಪಿಸಿಬಿಡದೆ, “ನಿನಗೇನು ತೋರುತ್ತದೆ? ಇನ್ನೊಂದನ್ನು ಹಾಕಿ ನೋಡೋಣವೆ?” ಎನ್ನುವವಳೇ ನಿಜವಾದ ಗುರು.

“ನನಗೂ ತಿಳಿಯದು, ನೋಡೋಣ” ಎನ್ನಲು ಹಲವರು ನಾಚುವರು. ಆ ನಾಚಿಕೆಯಿಂದ “ಸುಮ್ಮನಿರು” ಎಂಬ ಗದರಿಕೆ ಹುಟ್ಟುವುದು. ನಾಲ್ಕು ಬಾರಿ ಗದರಿಸಿಕೊಂಡ ಮಗು ಐದನೆಯ ಬಾರಿ ಕೇಳದು. ಆದುದರಿಂದ ಶಿಕ್ಷಕಿಯರ ತರಬೇತಿಯಲ್ಲಿ ಉತ್ತರಗಳ ಪಟ್ಟಿಗಿಂತ ಈ ಧೈರ್ಯವನ್ನು ಮೊದಲು ಕಲಿಸತಕ್ಕದ್ದು. ಮನೆಯಲ್ಲಿ ತಾಯಿತಂದೆಗಳಾದ ನಮಗೂ ಈ ಪಾಠವು ಅನ್ವಯಿಸುವುದೆಂಬುದನ್ನು ವಾಚಕರು ಮರೆಯಬಾರದು.