ಅಳಿಸಿ ಬರೆಯುವ ಪುಟ

ಪುಸ್ತಕವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಕಾಗದ, ಮಸಿ, ರಟ್ಟು, ಹೊಲಿಗೆ ಇವುಗಳಿಂದಾದ ಒಂದು ವಸ್ತು. ನಮ್ಮ ಪೂರ್ವಿಕರಿಗಾದರೋ ಅದು ತಾಳೆಗರಿಯ ಒಂದು ಕಟ್ಟಾಗಿದ್ದಿತು. ಗರಿ ಹೋಗಿ ಕಾಗದ ಬಂದಿತು. ಕಂಟ ಹೋಗಿ ಅಚ್ಚಿನ ಮೊಳೆ ಬಂದಿತು. ಆದರೂ ಒಂದು ಗುಣ ಮಾತ್ರ ಬದಲಾಗಲಿಲ್ಲ. ಒಮ್ಮೆ ಮೂಡಿದ ಅಕ್ಷರ ತಾನು ಮೂಡಿದ ಸ್ಥಳವನ್ನು ಬಿಟ್ಟು ಕದಲುತ್ತಿರಲಿಲ್ಲ. ಒಂದು ಪುಟಕ್ಕೆ ಒಂದೇ ಬರೆವಣಿಗೆ.

ಇ-ರೀಡರ್ ಎಂಬ ಉಪಕರಣವು ಈ ನಿಯಮವನ್ನು ಮುರಿದಿದೆ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದೇ ಪುಟ. ಅದರ ಮೇಲೆ ಇಂದು ಫ್ಯಾರಡೆಯ ಉಪನ್ಯಾಸ, ನಾಳೆ ಒಂದು ಕಾದಂಬರಿ. ಈ ಪುಟವು ಹೇಗೆ ಕೆಲಸ ಮಾಡುತ್ತದೆಂಬುದನ್ನು ಮೊದಲು ನೋಡೋಣ. ಹಲವರು ಒಟ್ಟಿಗೆ ಸೇರಿ ಇಂಥ ಪುಟದ ಮೇಲೆ ಓದಿ ಚರ್ಚಿಸಹೊರಟಾಗ ಏನಾಗುತ್ತದೆಂಬುದನ್ನು ಅನಂತರ ವಿಚಾರಿಸೋಣ. ಎರಡನೆಯ ಪ್ರಶ್ನೆಗೆ ಉತ್ತರವು ಮೊದಲನೆಯದರಲ್ಲಿಯೇ ಅಡಗಿದೆ.

ಬೆಳಕು ಎಲ್ಲಿಂದ ಬರುತ್ತದೆ?

ಒಂದು ಮೊಬೈಲ್ ಫೋನನ್ನೂ ಒಂದು ಅಚ್ಚಿನ ಪುಸ್ತಕವನ್ನೂ ನಡುಹಗಲಿನ ಬಿಸಿಲಿಗೆ ಒಯ್ದು ನೋಡಿರಿ. ಫೋನಿನ ಪರದೆ ಮಂಕಾಗುತ್ತದೆ. ಪುಸ್ತಕದ ಪುಟ ಇನ್ನಷ್ಟು ಬೆಳಗುತ್ತದೆ. ಕಾರಣ ಸರಳವಾಗಿದೆ. ಫೋನಿನ ಪರದೆ ತನ್ನದೇ ಬೆಳಕನ್ನು ಹೊರಸೂಸುವ ಒಂದು ದೀಪ. ಸೂರ್ಯನ ಪ್ರಖರತೆಯ ಎದುರು ಆ ದೀಪ ಸೋಲುತ್ತದೆ. ಕಾಗದಕ್ಕೆ ಸ್ವಂತ ಬೆಳಕಿಲ್ಲ. ತನ್ನ ಮೇಲೆ ಬಿದ್ದುದನ್ನು ಅದು ಹಿಂದಕ್ಕೆ ಚದರಿಸುತ್ತದೆ, ಅಷ್ಟೆ. ಬಿಸಿಲು ಹೆಚ್ಚಿದಷ್ಟೂ ಅದರ ಬಿಳುಪೂ ಹೆಚ್ಚುತ್ತದೆ.

ಇ-ರೀಡರಿನ ಪುಟವು ಕಾಗದದ ಜಾತಿಗೆ ಸೇರಿದುದು. ಬಿಸಿಲಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ. ಕತ್ತಲೆಯಲ್ಲಿ ಕಾಗದದಂತೆಯೇ ಅದಕ್ಕೂ ದೀಪ ಬೇಕು. ಈಚಿನ ಉಪಕರಣಗಳಲ್ಲಿ ಪುಟದ ಅಂಚಿನಲ್ಲಿ ಪುಟ್ಟ ಎಲ್‌ಇಡಿ ದೀಪಗಳನ್ನು ಅಳವಡಿಸಿ, ಅವುಗಳ ಬೆಳಕನ್ನು ತೆಳುವಾದ ಒಂದು ಪಾರದರ್ಶಕ ಪದರದ ಮೂಲಕ ಪುಟದ ಮುಖದ ಮೇಲೆ ಹರಡುತ್ತಾರೆ. ಅಲ್ಲಿಯೂ ಬೆಳಕು ಪುಟಕ್ಕೆ ತಾಗಿ, ಹಿಂದಿರುಗಿ, ಅನಂತರವೇ ನಮ್ಮ ಕಣ್ಣನ್ನು ಸೇರುತ್ತದೆ.

ಶಾಯಿಯೊಳಗಿನ ಓಟ

ಈ ಪುಟದ ಮೂಲತತ್ತ್ವವು ಬಹಳ ಹಳೆಯದು. ನೀರಿನಲ್ಲಿ ಕದಡಿದ ಜೇಡಿಮಣ್ಣಿನ ಕಣಗಳು ವಿದ್ಯುತ್ ಕ್ಷೇತ್ರಕ್ಕೆ ಒಳಗಾದಾಗ ಒಂದು ಕಡೆಗೆ ಸರಿಯುತ್ತವೆಂಬುದನ್ನು 1807ರಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ರಾಯ್ಸ್ ಮತ್ತು ಸ್ತ್ರಾಖೊವ್ ಎಂಬ ಪ್ರಾಧ್ಯಾಪಕರು ಕಂಡರು. ದ್ರವದಲ್ಲಿ ತೇಲುವ ಕಣಗಳ ಈ ಚಲನೆಗೆ ಎಲೆಕ್ಟ್ರೊಫೊರೆಸಿಸ್ ಎಂದು ಹೆಸರು. ಜೀವವಿಜ್ಞಾನದ ಪ್ರಯೋಗಶಾಲೆಗಳಲ್ಲಿ ಪ್ರೋಟೀನುಗಳನ್ನು ಬೇರ್ಪಡಿಸಲು ಬಳಸುವುದೂ ಇದನ್ನೇ.

ಅಳಿಸಿ ಬರೆಯಬಹುದಾದ ಕಾಗದದ ಪ್ರಯತ್ನವು 1970ರ ದಶಕದಲ್ಲಿಯೇ ನಡೆದಿದ್ದಿತು. ಅಮೆರಿಕದ ಜೆರಾಕ್ಸ್ ಸಂಸ್ಥೆಯ ಸಂಶೋಧನಾಲಯದಲ್ಲಿ ನಿಕೊಲಸ್ ಶೆರಿಡನ್ ಎಂಬವರು ಅರ್ಧ ಕಪ್ಪು, ಅರ್ಧ ಬಿಳುಪು ಇರುವ ಸೂಕ್ಷ್ಮ ಗೋಲಿಗಳನ್ನು ವಿದ್ಯುತ್ತಿನಿಂದ ಹೊರಳಿಸಿ ಅಕ್ಷರ ಮೂಡಿಸಿದರು. ಇಂದಿನ ಶಾಯಿಯು ಹುಟ್ಟಿದುದು ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ. ಜೋಸೆಫ್ ಜೇಕಬ್‌ಸನ್ ಎಂಬ ಅಧ್ಯಾಪಕರೊಡನೆ ಬ್ಯಾರೆಟ್ ಕೊಮಿಸ್ಕಿ ಮತ್ತು ಜೆ. ಡಿ. ಆಲ್ಬರ್ಟ್ ಎಂಬ ಇಬ್ಬರು ಪದವಿ ವಿದ್ಯಾರ್ಥಿಗಳು ಇದರಲ್ಲಿ ದುಡಿದರು. 1998ರಲ್ಲಿ ಇವರ ಲೇಖನ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಪದವಿ ತರಗತಿಯಲ್ಲಿರುವವರು ದೊಡ್ಡ ಕೆಲಸಕ್ಕೆ ಕೈಹಾಕಬಾರದೆಂಬ ನಿಯಮವೇನೂ ಇಲ್ಲವೆಂಬುದನ್ನು ನಮ್ಮ ವಿದ್ಯಾರ್ಥಿ ಮಿತ್ರರು ಗಮನಿಸಬೇಕು. 2004ರಲ್ಲಿ ಜಪಾನಿನಲ್ಲಿ ಸೋನಿ ಸಂಸ್ಥೆಯ ‘ಲಿಬ್ರಿಯೆ’, 2007ರಲ್ಲಿ ಅಮೆರಿಕದಲ್ಲಿ ಅಮೆಜಾನ್ ಸಂಸ್ಥೆಯ ‘ಕಿಂಡಲ್’ ಈ ಶಾಯಿಯನ್ನು ಓದುಗರ ಕೈಗೆ ತಂದವು.

ಈ ಶಾಯಿಯ ರಚನೆ ಹೀಗಿದೆ. ಕೂದಲೆಳೆಯ ದಪ್ಪಕ್ಕೆ ಹೋಲಿಸಬಹುದಾದಷ್ಟು ಸಣ್ಣ ಪಾರದರ್ಶಕ ಕೋಶಗಳು ಪುಟದ ತುಂಬ ಒತ್ತಾಗಿ ಹರಡಿವೆ. ಪ್ರತಿಯೊಂದು ಕೋಶದೊಳಗೂ ತಿಳಿಯಾದ ಎಣ್ಣೆಯಂಥ ದ್ರವವಿದೆ. ಅದರಲ್ಲಿ ಬಿಳಿಯ ಕಣಗಳೂ ಕಪ್ಪು ಕಣಗಳೂ ತೇಲುತ್ತವೆ. ಒಂದು ಬಗೆಯ ಕಣಗಳಿಗೆ ಧನ ವಿದ್ಯುದಂಶ, ಇನ್ನೊಂದು ಬಗೆಯವಕ್ಕೆ ಋಣ ವಿದ್ಯುದಂಶ. ಕೋಶಗಳ ಕೆಳಗೆ ಟ್ರಾನ್ಸಿಸ್ಟರುಗಳ ಜಾಲವಿದೆ; ಮೇಲೆ ಪಾರದರ್ಶಕವಾದ ಒಂದು ವಿದ್ಯುದ್ವಾಹಕ ಪದರವಿದೆ. ಕೆಳಗಿನ ಒಂದು ಬಿಂದುವಿಗೆ ವೋಲ್ಟೇಜನ್ನು ಕೊಟ್ಟರೆ ಒಂದು ಬಣ್ಣದ ಕಣಗಳು ಮೇಲೇರುತ್ತವೆ, ಇನ್ನೊಂದು ಬಣ್ಣದವು ಕೆಳಗಿಳಿಯುತ್ತವೆ. ವೋಲ್ಟೇಜನ್ನು ತಿರುವುಮುರುವು ಮಾಡಿದರೆ ಬಣ್ಣವೂ ತಿರುವುಮುರುವಾಗುತ್ತದೆ.

ಬಿಳಿಯ ಕಣಗಳು ಟೈಟೇನಿಯಂ ಡೈಆಕ್ಸೈಡಿನವು. ಮನೆಯ ಗೋಡೆಗೆ ಬಳಿಯುವ ಬಿಳಿ ಬಣ್ಣದಲ್ಲಿರುವುದೂ ಇದೇ ವಸ್ತು. ಇದರ ವಕ್ರೀಭವನಾಂಕ ಸುಮಾರು 2.7, ಎಣ್ಣೆಗಳದು ಸುಮಾರು 1.4 ಅಥವಾ 1.5. ಇಷ್ಟು ಅಂತರವಿರುವುದರಿಂದ ಬೆಳಕು ಕಣದಿಂದ ಕಣಕ್ಕೆ ತಾಗಿ ಎಲ್ಲ ದಿಕ್ಕುಗಳಿಗೂ ಚದರುತ್ತದೆ. ಕಣ್ಣಿಗೆ ಬಿಳುಪಾಗಿ ತೋರುತ್ತದೆ.

ಕೆಲಸಕ್ಕೆ ಬೇಕಾದ ವೋಲ್ಟೇಜು ಸುಮಾರು 15. ಇದು ಅಲ್ಪವೆಂದು ತೋರಬಹುದು. ಆದರೆ ಶಾಯಿಯ ಪದರದ ದಪ್ಪವನ್ನು 50 ಮೈಕ್ರಾನ್, ಎಂದರೆ ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು, ಎಂದಿಟ್ಟುಕೊಂಡರೆ ಅಲ್ಲಿನ ವಿದ್ಯುತ್ ಕ್ಷೇತ್ರ ಮೀಟರಿಗೆ 3 ಲಕ್ಷ ವೋಲ್ಟ್ ಆಗುತ್ತದೆ! ಇಷ್ಟಾದರೂ ದ್ರವದ ಸ್ನಿಗ್ಧತೆಯಿಂದಾಗಿ ಕಣಗಳು ನಿಧಾನವಾಗಿಯೇ ಸಾಗುತ್ತವೆ. ಅರ್ಧ ಸೆಕೆಂಡಿನಲ್ಲಿ 50 ಮೈಕ್ರಾನ್ ದಾಟಿದರೆ ಅವುಗಳ ವೇಗ ಸೆಕೆಂಡಿಗೆ ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಬಸವನಹುಳುವೂ ಇದಕ್ಕಿಂತ ಬೇಗ ನಡೆಯುತ್ತದೆ. ಇ-ರೀಡರಿನಲ್ಲಿ ಸಿನಿಮಾ ನೋಡಲಾಗದಿರುವುದಕ್ಕೆ ಇದೇ ಕಾರಣ.

ವೋಲ್ಟೇಜನ್ನು ತೆಗೆದ ಮೇಲೆ ಏನಾಗುತ್ತದೆ? ಏನೂ ಆಗುವುದಿಲ್ಲ, ಈ ಶಾಯಿಯ ಸೊಗಸು ಅದರಲ್ಲಿಯೇ ಇದೆ. ದ್ರವದಲ್ಲಿ ಬೆರೆಸಿದ ಕೆಲವು ದ್ರವ್ಯಗಳ ನೆರವಿನಿಂದ ಕಣಗಳು ಒಂದಕ್ಕೊಂದು ಮೆಲ್ಲಗೆ ಅಂಟಿಕೊಂಡು ಇದ್ದಲ್ಲಿಯೇ ನಿಲ್ಲುತ್ತವೆ. ಅಕ್ಷರವನ್ನು ಬದಲಿಸಲು ವಿದ್ಯುತ್ತು ಬೇಕು, ಇರಿಸಿಕೊಳ್ಳಲು ಬೇಕಿಲ್ಲ. ಆದುದರಿಂದಲೇ ಒಮ್ಮೆ ಚಾರ್ಜು ಮಾಡಿದ ಉಪಕರಣವು ವಾರಗಟ್ಟಲೆ ನಡೆಯುತ್ತದೆ.

ಒತ್ತಕ್ಷರದ ಲೆಕ್ಕ

ಪುಟ ಸಿದ್ಧವಾಯಿತು, ಅದರ ಮೇಲೆ ಕನ್ನಡ ಹೇಗೆ ಮೂಡಬೇಕು? ಮೊದಲ ಕಿಂಡಲಿನ ಪುಟದಲ್ಲಿ ಅಂಗುಲಕ್ಕೆ 167 ಬಿಂದುಗಳಿದ್ದವು. 3 ಮಿಲಿಮೀಟರ್ ಎತ್ತರದ ಒಂದು ಅಕ್ಷರಕ್ಕೆ ಸುಮಾರು 20 ಬಿಂದುಗಳು ದೊರೆಯುತ್ತಿದ್ದವು. ಇಂಗ್ಲಿಷಿಗೆ ಇಷ್ಟು ಸಾಕು. ಕನ್ನಡದ ಒತ್ತಕ್ಷರವು ಅದರ ಅರ್ಧ ಎತ್ತರದಲ್ಲಿ ಸುರುಳಿ ಸುತ್ತಿಕೊಂಡಿರಬೇಕಾದುದರಿಂದ ಅದರ ಪಾಲಿಗೆ ಬರುವುದು ಹತ್ತೇ ಬಿಂದು. ಈಗ ಸಾಮಾನ್ಯವಾಗಿರುವ 300 ಬಿಂದುಗಳ ಪುಟದಲ್ಲಿ ಈ ತೊಡಕಿಲ್ಲ.

ಪುಸ್ತಕವು ಉಪಕರಣದೊಳಗೆ ಇರುವುದು ಸಂಖ್ಯೆಗಳ ರೂಪದಲ್ಲಿ. 1991ರಲ್ಲಿ ಬಂದ ಯೂನಿಕೋಡ್ ಪದ್ಧತಿಯಲ್ಲಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿರಿಸಲಾಯಿತು. ‘ಸ್ತ್ರೀ’ ಎಂಬ ಒಂದು ಅಕ್ಷರವನ್ನು ತೆಗೆದುಕೊಳ್ಳಿರಿ. ಕಣ್ಣಿಗೆ ಒಂದಾದರೂ ಯಂತ್ರಕ್ಕೆ ಅದು ಆರು ಸಂಕೇತಗಳ ಮಾಲೆ: ಸಕಾರ, ವಿರಾಮ ಚಿಹ್ನೆ, ತಕಾರ, ಮತ್ತೆ ವಿರಾಮ ಚಿಹ್ನೆ, ರಕಾರ, ದೀರ್ಘ ಈಕಾರದ ಗುರುತು. ವಾಡಿಕೆಯ ಕ್ರಮದಲ್ಲಿ ಪ್ರತಿಯೊಂದಕ್ಕೂ 3 ಬೈಟು. ಒಟ್ಟು 18 ಬೈಟು. ಈ ಮಾಲೆಯನ್ನು ಕಂಡು ಸರಿಯಾದ ಆಕೃತಿಯನ್ನು ಜೋಡಿಸುವ ಹೊಣೆ ಉಪಕರಣದ್ದು. ಪುಟಕ್ಕೆ 1500 ಸಂಕೇತಗಳಂತೆ 300 ಪುಟದ ಕನ್ನಡ ಕಾದಂಬರಿಯೊಂದಕ್ಕೆ ಸುಮಾರು 13.5 ಲಕ್ಷ ಬೈಟು ಬೇಕಾಗುತ್ತದೆ. 8 ಗಿಗಾಬೈಟಿನ ಉಪಕರಣವು ತನ್ನ ಸ್ವಂತ ಕೆಲಸಕ್ಕೆ ಒಂದಿಷ್ಟು ಜಾಗ ಇರಿಸಿಕೊಂಡರೂ ಇಂಥ ಕೆಲವು ಸಾವಿರ ಕಾದಂಬರಿಗಳನ್ನು ಹೊರಬಲ್ಲದು.

ಜಾಗ ಹೀಗೆ ಬೇಕಾದಷ್ಟಿದೆ; ಕೊರತೆಯಿರುವುದು ಪುಸ್ತಕಗಳದು. 2016ರಲ್ಲಿ ಅಮೆಜಾನ್ ಸಂಸ್ಥೆಯು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಈ ಐದು ಭಾಷೆಗಳ ಇ-ಪುಸ್ತಕಗಳ ಮಾರಾಟವನ್ನು ಆರಂಭಿಸಿದಾಗ ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಇನ್ನೊಂದು ತೊಡಕು ನಮ್ಮ ಮನೆಯೊಳಗಿನದು. ಅನೇಕ ವರ್ಷಗಳ ಕಾಲ ನಮ್ಮ ಪುಸ್ತಕಗಳನ್ನು ಜೋಡಿಸಿದುದು ಯೂನಿಕೋಡಿಗೆ ಹೊರತಾದ ಅಕ್ಷರವಿನ್ಯಾಸಗಳಲ್ಲಿ. ಅವುಗಳ ಸಂಕೇತಗಳೇ ಬೇರೆ. ಅಲ್ಲದೆ, ಹಳೆಯ ಗ್ರಂಥಗಳು ಬಹುಮಟ್ಟಿಗೆ ಸ್ಕ್ಯಾನ್ ಮಾಡಿದ ಚಿತ್ರಗಳಾಗಿವೆ. ಚಿತ್ರದಲ್ಲಿ ಪದವನ್ನು ಹುಡುಕಲಾಗದು. ಅಕ್ಷರದ ಗಾತ್ರವನ್ನು ಹಿಗ್ಗಿಸಿದರೆ ಸಾಲು ಪುಟದ ಆಚೆಗೆ ಹೋಗುತ್ತದೆ.

ನಲವತ್ತನೆಯ ಪುಟ ಎಲ್ಲಿದೆ?

ಈಗ ಚರ್ಚೆಯ ವಿಚಾರಕ್ಕೆ ಬರೋಣ. ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳೊಡನೆ ನಾವು ಫ್ಯಾರಡೆಯ ‘ಮೇಣದಬತ್ತಿಯ ರಾಸಾಯನಿಕ ಚರಿತ್ರೆ’ಯನ್ನು ಓದಿದೆವು. 1860–61ರ ಚಳಿಗಾಲದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಳೆಯರಿಗಾಗಿ ಕೊಟ್ಟ ಆರು ಉಪನ್ಯಾಸಗಳ ಈ ಗ್ರಂಥವನ್ನು ಪ್ರಾಜೆಕ್ಟ್ ಗುಟೆನ್‌ಬರ್ಗ್ ಎಂಬ ಸಂಸ್ಥೆಯು ಉಚಿತವಾಗಿ ಒದಗಿಸುತ್ತದೆ. 1971ರಲ್ಲಿ ಮೈಕೆಲ್ ಹಾರ್ಟ್ ಎಂಬವರು ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ತಾವೇ ಬೆರಳಚ್ಚಿಸಿ ಆರಂಭಿಸಿದ ಕಾರ್ಯವದು.

ಒಬ್ಬರ ಕೈಯಲ್ಲಿ ಇ-ರೀಡರ್, ಇಬ್ಬರ ಕೈಯಲ್ಲಿ ಫೋನು, ಒಬ್ಬರ ಬಳಿ ಅಚ್ಚಿನ ಪ್ರತಿ. ಉರಿಯುವ ಬತ್ತಿಯ ಸುತ್ತ ಮೇಣವು ಬಟ್ಟಲಿನ ಆಕಾರ ತಳೆಯುವುದೇಕೆ ಎಂಬ ಪ್ರಶ್ನೆ ಎದ್ದಿತು. ಉತ್ತರ ನಲವತ್ತನೆಯ ಪುಟದಲ್ಲಿದೆ ಎಂದರೊಬ್ಬರು. ನಾಲ್ವರೂ ತೆರೆದರು, ನಾಲ್ವರಿಗೂ ನಾಲ್ಕು ಬೇರೆ ಬೇರೆ ಸ್ಥಳಗಳು! ಅಕ್ಷರದ ಗಾತ್ರ ಬದಲಾದರೆ ಪುಟಗಳ ಎಣಿಕೆಯೂ ಬದಲಾಗುತ್ತದೆ. ಅಜ್ಜಿಗೆ ದೊಡ್ಡ ಅಕ್ಷರ, ಮೊಮ್ಮಗನಿಗೆ ಚಿಕ್ಕ ಅಕ್ಷರ ಎಂಬ ಅನುಕೂಲಕ್ಕೆ ತೆರಬೇಕಾದ ಬೆಲೆಯಿದು. ಕದಲದ ಪುಟದ ಮೇಲೆ ನಿಂತಿದ್ದ ಪುಟಸಂಖ್ಯೆಗೆ ಕದಲುವ ಪುಟದ ಮೇಲೆ ನೆಲೆಯಿಲ್ಲ.

ಇದಕ್ಕೆ ಪರಿಹಾರವು ಹೊಸದೇನಲ್ಲ. ತಾಳೆಗರಿಯ ಪ್ರತಿಗಳಲ್ಲಿಯೂ ಒಂದರ ಗರಿಯೆಣಿಕೆ ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಕುಮಾರವ್ಯಾಸ ಭಾರತವನ್ನು ಓದುವವರು ಪುಟವನ್ನು ಹೇಳುವುದಿಲ್ಲ. ಪರ್ವ, ಸಂಧಿ, ಪದ್ಯದ ಸಂಖ್ಯೆಯನ್ನು ಹೇಳುತ್ತಾರೆ. ಆ ಗುರುತು ಹೊರುವ ವಸ್ತುವಿಗೆ ಸೇರಿದುದಲ್ಲ, ಕೃತಿಗೆ ಸೇರಿದುದು. ನಾವೂ ಹಾಗೆಯೇ ಮಾಡಿದೆವು: ಮೊದಲನೆಯ ಉಪನ್ಯಾಸ, ಇಷ್ಟನೆಯ ಪ್ಯಾರಾ. ಆಮೇಲೆ ಎಲ್ಲರ ಬೆರಳೂ ಒಂದೇ ವಾಕ್ಯದ ಮೇಲೆ ನಿಂತಿತು. ಜ್ವಾಲೆಯ ಕಾವಿನಿಂದ ಮೇಲೇರುವ ಗಾಳಿ ಸುತ್ತಲಿಂದ ತಂಪು ಗಾಳಿಯನ್ನು ಎಳೆದುಕೊಳ್ಳುತ್ತದೆ. ಅದರಿಂದ ಅಂಚು ತಂಪಾಗಿ ಕರಗದೆ ಉಳಿಯುತ್ತದೆ, ನಡುಭಾಗ ಕರಗಿ ಬಟ್ಟಲಾಗುತ್ತದೆ ಎಂಬ ಫ್ಯಾರಡೆಯ ವಿವರಣೆ ದೊರೆಯಿತು. ಒಂದು ಬತ್ತಿಯನ್ನು ಹಚ್ಚಿ, ಫ್ಯಾನಿನ ಗಾಳಿಗೆ ಇಟ್ಟು, ಬಟ್ಟಲಿನ ಒಂದು ಅಂಚು ಕರಗಿ ಮೇಣ ಸುರಿಯುವುದನ್ನೂ ನೋಡಿದೆವು.

ಟಿಪ್ಪಣಿ ಯಾರದು?

ಇ-ರೀಡರಿನಲ್ಲಿ ಗೆರೆ ಎಳೆಯಬಹುದು, ಅಂಚಿನಲ್ಲಿ ಬರೆಯಬಹುದು, ಬರೆದುದನ್ನು ಮಿತ್ರರಿಗೆ ಕಳುಹಿಸಬಹುದು. ಚರ್ಚೆಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಆದರೆ ಆ ಟಿಪ್ಪಣಿಯ ಬುಡದಲ್ಲಿರುವ ಪುಸ್ತಕ ಯಾರದು? ಅನೇಕ ವೇಳೆ ನಾವು ಹಣ ಕೊಟ್ಟು ಪಡೆಯುವುದು ಪುಸ್ತಕವನ್ನಲ್ಲ, ಓದುವ ಅನುಮತಿಯನ್ನು. 2009ರ ಜುಲೈ ತಿಂಗಳಲ್ಲಿ ಅಮೆಜಾನ್ ಸಂಸ್ಥೆಯು ಜಾರ್ಜ್ ಆರ್ವೆಲ್ಲರ ‘1984’ ಕಾದಂಬರಿಯ ಒಂದು ಆವೃತ್ತಿಯನ್ನು, ಅದನ್ನು ಮಾರಿದವರಿಗೆ ಹಕ್ಕಿರಲಿಲ್ಲವೆಂಬ ಕಾರಣಕ್ಕಾಗಿ, ಕೊಂಡವರ ಉಪಕರಣಗಳಿಂದಲೇ ದೂರದಿಂದ ಅಳಿಸಿಹಾಕಿತು. ಹಣ ಹಿಂದಕ್ಕೆ ಬಂದಿತು. ಆದರೆ ಪಾಠಕ್ಕೆಂದು ಓದುತ್ತಿದ್ದ ಅಮೆರಿಕದ ಒಬ್ಬ ಹೈಸ್ಕೂಲು ವಿದ್ಯಾರ್ಥಿಯ ಟಿಪ್ಪಣಿಗಳು ಮೂಲಗ್ರಂಥವಿಲ್ಲದೆ ನಿರುಪಯುಕ್ತವಾದವು. 2019ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗಲೂ ಕೊಂಡ ಪುಸ್ತಕಗಳು ಮಾಯವಾದವು. ಹಣದ ಜೊತೆಗೆ, ಟಿಪ್ಪಣಿ ಬರೆದಿದ್ದವರಿಗೆ 25 ಡಾಲರು ಹೆಚ್ಚಾಗಿ ದೊರೆಯಿತು. ಒಂದು ವರ್ಷದ ಆಲೋಚನೆಗೆ ಅಂಥ ಬೆಲೆ ಕಟ್ಟಲು ಯಾರಿಂದ ಸಾಧ್ಯ?

ಇದರಿಂದ ತಿಳಿಯಬೇಕಾದ ನೀತಿ ಇಷ್ಟೆ. ಅಳಿಸಿ ಬರೆಯುವ ಪುಟವನ್ನು ನಾವು ಮಾತ್ರವಲ್ಲ, ಇತರರೂ ಅಳಿಸಬಲ್ಲರು. ಆದುದರಿಂದ ಟಿಪ್ಪಣಿಗಳ ಒಂದು ಪ್ರತಿಯನ್ನು ಬೇರೆಡೆ ಇರಿಸಿಕೊಳ್ಳಬೇಕು. ದೊರೆಯುವುದಾದರೆ, ಹಲವು ಬಗೆಯ ಉಪಕರಣಗಳಲ್ಲಿ ತೆರೆಯುವ ಇಪಬ್‌ನಂಥ ಮುಕ್ತ ರೂಪದಲ್ಲಿ, ಬೀಗವಿಲ್ಲದ ಪುಸ್ತಕವನ್ನೇ ಆರಿಸಬೇಕು.

ನಾವು ಮಾಡಬಹುದಾದುದು

ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡ 60 ವರ್ಷಗಳ ಅನಂತರ ಅವರ ಕೃತಿ ಎಲ್ಲರ ಸ್ವತ್ತಾಗುತ್ತದೆ. 1946ರಲ್ಲಿ ನಿಧನರಾದ ಬಿ. ಎಂ. ಶ್ರೀಕಂಠಯ್ಯನವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು ಈ ಲೆಕ್ಕದಂತೆ 2007ರಿಂದ ಎಲ್ಲರವೂ ಆಗಿವೆ. ಇಂಥ ಗ್ರಂಥಗಳನ್ನು ಬೆರಳಚ್ಚಿಸಿ, ಮೂಲದ ಚಿತ್ರದೊಡನೆ ಹೋಲಿಸಿ ತಿದ್ದಿ, ಯೂನಿಕೋಡ್ ಪಠ್ಯವಾಗಿಸುವ ಕೆಲಸವು ಕನ್ನಡ ವಿಕಿಸೋರ್ಸಿನಲ್ಲಿ ಸ್ವಯಂಸೇವಕರಿಂದ ನಡೆಯುತ್ತಿದೆ. ಅಲ್ಲಿ ಪ್ರವೇಶಕ್ಕೆ ಪದವಿ ಬೇಕಿಲ್ಲ. ಕಣ್ಣಿನ ಎಚ್ಚರ ಮತ್ತು ಒತ್ತಕ್ಷರದ ಅರಿವು ಸಾಕು.

ನಾಲ್ವರು ಗೆಳೆಯರು ಸೇರಿ ಒಂದು ಹಳೆಯ ಪುಸ್ತಕವನ್ನು ಹಂಚಿಕೊಂಡರೆ ಒಂದು ರಜೆಯಲ್ಲಿ ಬಹಳಷ್ಟು ಪುಟಗಳನ್ನು ತಿದ್ದಬಹುದು. ತಿದ್ದುವಾಗ ಓದುವಷ್ಟು ಎಚ್ಚರದಿಂದ ನಾವು ಬೇರೆ ಯಾವಾಗಲೂ ಓದುವುದಿಲ್ಲ. ಒಂದು ಪದದ ವಿಷಯದಲ್ಲಿ ಸಂದೇಹ ಬಂದರೆ ಚರ್ಚೆ ತಾನಾಗಿಯೇ ಆರಂಭವಾಗುತ್ತದೆ. ಬರುವ ರಜೆಗೆ ಅಂಥ ಒಂದು ಪುಸ್ತಕವನ್ನು ಆರಿಸಿಕೊಳ್ಳಿರಿ. ಪ್ಯಾರಾಗಳಿಗೆ ಸಂಖ್ಯೆ ಕೊಡುವುದನ್ನು ಮರೆಯಬೇಡಿರಿ.